ಎದುರು ಬದಿಯ ದನಿ

ಚಿಂದಿ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ರೆಜಿಸ್ ಕಾಲು ಮಡಿಸಿ ಕೂತಿದ್ದ. ಇನ್ನೊಂದು ತಟ್ಟೆಗೆ ವೆರ್ನೋಲ್ ಕಾಗದದ ಕಾರ್ಖಾನೆಯ ಗಂಡಸರು ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಿದ್ದರು. ದಪ್ಪಗಿದ್ದವರು ಹತ್ತಿದಾಗ ರೆಜಿಸ್ ತೊಲೆಯ ಕಡೆಗೆ ಏರುತ್ತಿದ್ದ. ಬಡಕಲು ಹುಡುಗರು ಹತ್ತಿದಾಗ ಅವನ ತಟ್ಟೆ ನೆಲ ಬಿಟ್ಟು ಕದಲುತ್ತಿರಲಿಲ್ಲ. ಯಜಮಾನ ಫಯೋಲ್ ಪಕ್ಕದಲ್ಲಿ ನಿಂತು ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ರೆಜಿಸ್‌ನಷ್ಟೇ ತೂಗುವ ಒಬ್ಬ ಮನುಷ್ಯ ಅವರಿಗೆ ಬೇಕಾಗಿದ್ದ.

ಆಂತೆಲ್ಮ್ ತೂಗಿಸಿಕೊಳ್ಳಲೆಂದು ಅಲ್ಲಿಗೆ ಬಂದವನಲ್ಲ. ಅವನು ಕಾರ್ಖಾನೆಯಲ್ಲಿ ಅಂಟು ಕಾಯಿಸುವವನು. ಚರ್ಮದ ಚೂರು, ಗೊರಸು, ಕಿವಿ ಇವನ್ನೆಲ್ಲ ಹಂಡೆಯಲ್ಲಿ ಬೇಯಿಸಿ ಕಾಗದಕ್ಕೆ ಬೇಕಾದ ಅಂಟು ತೆಗೆಯುವುದು ಅವನ ಮೂವತ್ತು ವರ್ಷದ ಕೆಲಸ. ಚರ್ಮದ ಬುಟ್ಟಿ ಎತ್ತಿಕೊಂಡು ಬಾಗಿಲು ದಾಟುತ್ತಿದ್ದವನನ್ನು ಯಜಮಾನರು ಕರೆದು, ಒಂದು ಸಲ ಹತ್ತಿ ಇಳಿ ಎಂದರು. ಹೇಳಿದ್ದನ್ನು ಮಾಡಿ ಅಭ್ಯಾಸವಾದವನು ಬುಟ್ಟಿ ಕೆಳಗಿಟ್ಟು ಹತ್ತಿದ. ತಕ್ಕಡಿ ಒಮ್ಮೆ ತೂಗಾಡಿ ನಿಂತಿತು. ಮುಳ್ಳು ನಟ್ಟ ನಡುವೆ ಇತ್ತು.

ಚಿಂದಿ ಆರಿಸುವ ಹೆಂಗಸರಲ್ಲಿ ಬೆನ್ವಾತ್ ಎಂಬವಳು ಮಾತ್ರ ಬಾಯಿ ಕಟ್ಟಿಕೊಳ್ಳಲಾರದೆ, "ನೋಡ್ರೇ, ಎರಡು ಚಳಿಗಾಲದಿಂದ ಒಬ್ಬರ ಮುಖ ಒಬ್ಬರು ನೋಡದೋರನ್ನ ತಕ್ಕಡಿ ಹೆಂಗೆ ಸಮ ಮಾಡಿ ಕೂರಿಸ್ತು!" ಎಂದಳು. ಆಂತೆಲ್ಮ್ ತಟ್ಟೆಯಿಂದಿಳಿದು, ಎದುರು ಕೂತವನ ಕಡೆ ತಿರುಗಿಯೂ ನೋಡದೆ, ಬುಟ್ಟಿ ಎತ್ತಿಕೊಂಡು ಹೊರಟುಹೋದ.

ರೆಜಿಸ್ ಅವನ ಅಳಿಯ. ಹೆಣ್ಣು ಕೊಟ್ಟ ಮಾವನೇ ಅವನಿಗೆ ಮನೆಯ ಬಾಗಿಲು ಮುಚ್ಚಿದ್ದ.

ರೆಜಿಸ್ ಊರೂರು ಅಲೆದು ಕಾಗದ ಮಾಡಲು ಕಾರ್ಖಾನೆಗೆ ಬೇಕಾದ ಹಳೆಯ ಬಟ್ಟೆ ಕೊಂಡು ತರುವವನು. ಆಂತೆಲ್ಮನ ಒಬ್ಬಳೇ ಮಗಳು ಕ್ಲೆಮಾನ್ಸ್ ಆ ಬಟ್ಟೆಯನ್ನು ಬಿಚ್ಚಿ, ಗುಂಡಿ ಕಿತ್ತು, ಹೊಲಿಗೆ ಹರಿದು, ಬಿಳಿಯದನ್ನೂ ಬಣ್ಣದ್ದನ್ನೂ ಬೇರೆ ಮಾಡುತ್ತಿದ್ದಳು. ಎರಡು ಚಳಿಗಾಲದ ಹಿಂದೆ ರೆಜಿಸ್ ರೋನ್ ನದಿಯ ಆಚೆ ದಡದಿಂದ ಒಂದು ಮೂಟೆ ಒಳ್ಳೆಯ ನಾರುಬಟ್ಟೆ ತಂದ. ಅದು ಸಿಡುಬಿನಿಂದ ಸತ್ತವರ ಮನೆಯ ಹಾಸಿಗೆ ಬಟ್ಟೆಯೆಂದು ಆಮೇಲೆ ತಿಳಿಯಿತು. ಕ್ಲೆಮಾನ್ಸ್ ಅದನ್ನು ಬಿಚ್ಚಿದಳು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮುಂಚೆಯೇ ಅವಳನ್ನು ಮಣ್ಣು ಮಾಡಿದರು. ಮುಖ ನೋಡಲು ಯಾರನ್ನೂ ಬಿಡಲಿಲ್ಲ. ಆಂತೆಲ್ಮ್ ಮೊಮ್ಮಗಳು ಅಪೊಲಿನ್‌ಳನ್ನು ತನ್ನ ಮನೆಗೆ ಎತ್ತಿಕೊಂಡು ಬಂದ. ತನಗೆ ಏನೂ ಗೊತ್ತಿರಲಿಲ್ಲವೆಂದು ಹೇಳಲು ರೆಜಿಸ್ ಬಾಗಿಲಿಗೆ ಬಂದಾಗಲೆಲ್ಲ ಒಳಗಿನಿಂದ ಚಿಲಕ ಬಿತ್ತು. ರೆಜಿಸ್‌ಗೆ ಗೊತ್ತಿತ್ತು, ಬಟ್ಟೆ ಒಳ್ಳೆಯದು ಸಿಕ್ಕಿತೆಂಬ ಆಸೆಗೆ ಸುಮ್ಮನಿದ್ದ ಎಂಬುದು ಆಂತೆಲ್ಮನ ಎಣಿಕೆ. ಆ ಎಣಿಕೆಯನ್ನು ಅವನು ಯಾರಿಗೂ ಹೇಳಲಿಲ್ಲ. ದಿನವೂ ಜಪಸರ ಹಿಡಿದು ಕೂತಾಗ ಮಗಳ ಆತ್ಮಕ್ಕೆ ಶಾಂತಿ ಬೇಡುತ್ತಿದ್ದ; ಅಳಿಯನ ಹೆಸರು ಬಾಯಿಗೆ ಬಂದರೆ ಮಣಿ ದಾಟಿಸಿ ಮುಂದಕ್ಕೆ ಹೋಗುತ್ತಿದ್ದ.

ಪಕ್ಕದ ಊರು ಅನೊನೇಯಲ್ಲಿ ಕಾಗದದ ಕಾರ್ಖಾನೆಯವರ ಬಲೂನು ಆಕಾಶಕ್ಕೆ ಹೋಗಿ ವರ್ಷ ಕಳೆದಿತ್ತು. ಅಲ್ಲಿಂದೀಚೆಗೆ ದೇಶದಲ್ಲೆಲ್ಲ ಅದೇ ಹುಚ್ಚು. ತಾವೂ ಕಾಗದದವರು, ತಾವೇಕೆ ಸುಮ್ಮನಿರಬೇಕು ಎಂದು ಫಯೋಲ್ ಯಜಮಾನರು ಬೇಸಿಗೆಯೆಲ್ಲ ನಾರುಬಟ್ಟೆ ಹೊಲಿಸಿ, ಒಳಗೆ ಕಾಗದ ಅಂಟಿಸಿ, ಬೇಗ ಬೆಂಕಿ ಹತ್ತದಿರಲೆಂದು ಪಟಿಕದ ನೀರು ಬಳಿಸಿ, ಚರ್ಚಿನ ಗೋಪುರದಷ್ಟು ಎತ್ತರದ ಬಲೂನು ಮಾಡಿಸಿದ್ದರು. ಅದರ ಕೆಳಗಿನ ಬಾಯಿಯ ಸುತ್ತ ಬುಟ್ಟಿಯಂತೆ ಹೆಣೆದ ಕಿರಿದಾದ ಜಗಲಿ. ಬಾಯಿಯ ನಡುವೆ ಸರಪಳಿಯಲ್ಲಿ ತೂಗುವ ಕಬ್ಬಿಣದ ಅಗ್ಗಿಷ್ಟಿಕೆ. ಎರಡು ಕಡೆಯಿಂದಲೂ ಒಬ್ಬೊಬ್ಬರು ನಿಂತು, ಬಟ್ಟೆಯಲ್ಲಿ ಕೊರೆದ ಕಿಂಡಿಯೊಳಗಿಂದ ಅದಕ್ಕೆ ಹುಲ್ಲು ಉಣಿಸುತ್ತಿರಬೇಕು. ಇಬ್ಬರೂ ಸಮ ತೂಗಬೇಕು, ಎದುರುಬದುರಾಗಿ ನಿಂತಲ್ಲೇ ನಿಂತಿರಬೇಕು. ಒಬ್ಬ ಇನ್ನೊಬ್ಬನ ಕಡೆ ನಡೆದು ಹೋದರೆ ಇಡೀ ಬಲೂನು ವಾಲಿ, ಬೆಂಕಿ ಬಟ್ಟೆಗೆ ತಗುಲುತ್ತದೆ.

ಬಿಸಿಯಾದ ಗಾಳಿಯೇ ಬಲೂನನ್ನು ಎತ್ತುತ್ತದೆಂಬುದು ಆಗ ಆ ಸೀಮೆಯವರಿಗೆ ತಿಳಿದಿರಲಿಲ್ಲ. ಎತ್ತುವುದು ಹೊಗೆ, ಹೊಗೆ ಎಷ್ಟು ದಟ್ಟವೋ ಎಷ್ಟು ನಾತವೋ ಅಷ್ಟು ಬಲ ಎಂದು ಓದಿದವರೂ ಓದದವರೂ ನಂಬಿದ್ದರು. ಅದಕ್ಕೇ ಬೆಂಕಿಗೆ ಒದ್ದೆ ಹುಲ್ಲು, ಕತ್ತರಿಸಿದ ಉಣ್ಣೆ, ಹಳೆಯ ಚರ್ಮದ ಜೋಡು ಹಾಕುತ್ತಿದ್ದರು. ನಾತದ ಬೆಂಕಿಯ ಮುಂದೆ ಬಾಳೆಲ್ಲ ಕಳೆದ ಆಂತೆಲ್ಮನೇ ಈ ಕೆಲಸಕ್ಕೆ ಸರಿಯೆಂದು ಯಜಮಾನರಿಗೆ ತೋರಿದ್ದು ಅದಕ್ಕೇ.

ಮೊದಲು ಹತ್ತುತ್ತೇನೆಂದಿದ್ದವನು ಯಜಮಾನರ ತಂಗಿಯ ಮಗ. ಬಲೂನು ಹಾರಿಸಲು ಗೊತ್ತುಮಾಡಿದ್ದ ಮರಿಯಮ್ಮನ ಹಬ್ಬ ಹತ್ತಿರವಾದಂತೆ ಅವನಿಗೆ ಜ್ವರ ಬಂತು. ಅವನ ಬದಲಿಗೆ ಬಾ ಎಂದ ಕೂಡಲೇ ರೆಜಿಸ್ ಒಪ್ಪಿದ್ದ. ಬದುಕಿನ ಮೇಲೆ ಅವನಿಗೆ ಅಂಥ ಆಸೆಯೇನೂ ಉಳಿದಿರಲಿಲ್ಲ. ಇನ್ನು ಎದುರು ಬದಿಗೊಬ್ಬ ಬೇಕಿತ್ತು; ತಕ್ಕಡಿ ತೋರಿಸಿದ್ದು ಆಂತೆಲ್ಮನನ್ನು.

ಆಂತೆಲ್ಮ್ ಆಗದು ಎಂದ. ಯಜಮಾನರು ಸಿಟ್ಟು ಮಾಡಲಿಲ್ಲ. ಅವನ ಅಂಟಿನ ಮನೆಗೆ ತಾವೇ ನಡೆದು ಬಂದು, ನಾತಕ್ಕೆ ಕರವಸ್ತ್ರ ಮೂಗಿಗಿಟ್ಟುಕೊಂಡು, ಸಮಾಧಾನದಿಂದಲೇ ಮಾತಾಡಿದರು. ಹಗ್ಗ ಕಟ್ಟಿರುತ್ತೇವೆ, ಗೋಪುರದ ಎತ್ತರಕ್ಕೆ ಹೋಗಿ ಇಳಿಯುವುದಷ್ಟೇ ಎಂದರು. ಸುತ್ತಲ ಊರಿನ ದೊಡ್ಡವರನ್ನೆಲ್ಲ ಕರೆದಾಗಿದೆ ಎಂದರು. ಕೊನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ಆಂತೆಲ್ಮ್, ನೀನಿರೋ ಮನೆ ಅಂಟು ಕಾಯಿಸೋನಿಗೆ ಅಂತ ಕೊಟ್ಟಿದ್ದು. ಮಗು ಇಟ್ಕೊಂಡು ಈ ವಯಸ್ಸಲ್ಲಿ ಬೇರೆ ಮನೆ ಹುಡುಕೋದು ಕಷ್ಟ ಅಲ್ವಾ?" ಎಂದು ಕೇಳಿ ಹೊರಟುಹೋದರು.

ಅವನು ಪಾದ್ರಿಯ ಬಳಿ ಹೋದ. ದೇವರು ನೆಲದ ಮೇಲಿಟ್ಟವನು ಆಕಾಶಕ್ಕೆ ಹೋಗುವುದು ಪಾಪವಲ್ಲವೇ ಎಂದು ಕೇಳಿದ. ಪಾಪವೆಂದು ಒಂದು ಮಾತು ಬಂದರೆ ಅದನ್ನೇ ಹಿಡಿದು ತಪ್ಪಿಸಿಕೊಳ್ಳಬಹುದೆಂದು ಅವನ ಆಸೆ. ಪಾದ್ರಿ, ಬಲೂನಿಗೆ ತಾವೇ ತೀರ್ಥ ಚಿಮುಕಿಸುವುದಾಗಿ ಒಪ್ಪಿಕೊಂಡಾಗಿದೆ ಎಂದರು. ಎಲ್ಲ ಕಡೆ ಬಾಗಿಲು ಮುಚ್ಚಿತ್ತು. ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಅಪೊಲಿನ್‌ಳಿಗೆ ಹಾಲಲ್ಲಿ ಒಣ ಚೆಸ್ಟ್‌ನಟ್ ಬೀಜ ಬೇಯಿಸಿ ತಿನ್ನಿಸಿ, ಬೆನ್ವಾತ್‌ಳ ಕೈಗೆ ಒಪ್ಪಿಸಿ, ಭಾನುವಾರದ ಕೋಟು ಹಾಕಿಕೊಂಡು ಹೊರಟ.

ಕಾರ್ಖಾನೆಯ ಹಿಂದಿನ ಹಿಪ್ಪುನೇರಳೆ ತೋಟದಲ್ಲಿ ಜನ ಕಿಕ್ಕಿರಿದಿದ್ದರು. ಬೆಂಕಿಗೆ ಉಬ್ಬಿ ನಿಂತ ಬಲೂನನ್ನು ನಾಲ್ಕು ಹಗ್ಗಗಳಿಂದ ಮರದ ಬುಡಗಳಿಗೆ ಸುತ್ತಿ, ಒಂದೊಂದನ್ನೂ ಹತ್ತಾರು ಜನ ಹಿಡಿದಿದ್ದರು. ಆಂತೆಲ್ಮ್ ಒಂದು ಬದಿಯಿಂದ, ರೆಜಿಸ್ ಇನ್ನೊಂದು ಬದಿಯಿಂದ ಒಂದೇ ಹೊತ್ತಿಗೆ ಜಗಲಿಗೆ ಕಾಲಿಟ್ಟರು. ನಡುವೆ ಬಲೂನಿನ ಕೊರಳು ಗೋಡೆಯಂತೆ ಇಳಿಬಿದ್ದಿತ್ತು. ಕಿಂಡಿಯಲ್ಲಿ ನೋಡಿದರೆ ಉರಿ ಮತ್ತು ಹೊಗೆ. ಅದರಾಚೆ ಮನುಷ್ಯನ ಗುರುತು ಕೂಡ ಇಲ್ಲ. ಆಂತೆಲ್ಮನಿಗೆ ಅದೊಂದೇ ನೆಮ್ಮದಿ. ಅವನ ಕಾಲ ಬಳಿ ಒಣ ಹುಲ್ಲಿನ ಕಟ್ಟುಗಳು, ಒದ್ದೆ ಹುಲ್ಲಿನ ಕಟ್ಟುಗಳು, ಉಣ್ಣೆಯ ಒಂದು ಬುಟ್ಟಿ, ನೀರಿನ ಬಕೆಟ್ಟು, ಕೋಲಿಗೆ ಕಟ್ಟಿದ ಸ್ಪಂಜು. ಎದುರು ಬದಿಯಲ್ಲೂ ಅಷ್ಟೇ ತೂಕ. ಕೆಳಗಿನಿಂದ ಬಾವುಟ ಬೀಸಿದಾಗ ಉಣ್ಣೆ, ಒದ್ದೆ ಹುಲ್ಲು ನಿಲ್ಲಿಸಬೇಕು, ಬರೀ ಒಣ ಹುಲ್ಲು ಹಾಕಬೇಕು. ಆಗ ಬೆಂಕಿ ತಿಳಿಯಾಗಿ, ಹೊಗೆ ತೆಳುವಾಗಿ, ಬಲೂನು ಮೆಲ್ಲನೆ ಇಳಿಯುತ್ತದೆ ಎಂದು ಯಜಮಾನರು ಪಾಠ ಹೇಳಿದ್ದರು. ಬೆಂಕಿ ಪೂರ್ತಿ ಆರಿದರೆ ಮಾತ್ರ ಕಲ್ಲು ಬಿದ್ದಂತೆ ಬೀಳುತ್ತೀರಿ ಎಂದೂ ಎಚ್ಚರಿಸಿದ್ದರು. ಅಲ್ಲಿಯವರೆಗೆ ನೋಡಿದ ಪರೀಕ್ಷೆಗಳಲ್ಲೆಲ್ಲ ಜನ ಹಗ್ಗ ಎಳೆದು ಇಳಿಸಿದ್ದರಿಂದ ಆ ಪಾಠ ಸರಿಯೋ ತಪ್ಪೋ ಯಾರಿಗೂ ಗೊತ್ತಾಗಿರಲಿಲ್ಲ.

ನೆಲ ಬಿಟ್ಟದ್ದು ಆಂತೆಲ್ಮನಿಗೆ ಗೊತ್ತೇ ಆಗಲಿಲ್ಲ. ಜನರ ಟೋಪಿಗಳು ಕೆಳಗೆ ಹೋದವು, ಮರದ ತುದಿಗಳು ಕೆಳಗೆ ಹೋದವು. ಹಗ್ಗಗಳು ಬಿಗಿದು ಜಗಲಿ ನಡುಗಿ ನಿಂತಿತು. ಗೋಪುರದ ಗಂಟೆಯನ್ನು ಅವನು ಮೊದಲ ಸಲ ಮೇಲಿನಿಂದ ನೋಡಿದ.

ಆಗ ಕಣಿವೆಯ ಕಡೆಯಿಂದ ಗಾಳಿ ಬೀಸಿತು. ಒಂದು ಹಗ್ಗ ಸುತ್ತಿದ್ದ ಹಳೆಯ ಹಿಪ್ಪುನೇರಳೆ ಮರ ಒಳಗೆಲ್ಲ ಟೊಳ್ಳಾಗಿತ್ತು, ಅದು ಮುರಿಯಿತು. ಬಲೂನು ಒಂದು ಕಡೆ ಜಗ್ಗಿ ವಾಲಿತು. ಉರಿ ಬಟ್ಟೆಯ ಕಡೆ ನಾಲಿಗೆ ಚಾಚಿತು. ಹೀಗೇ ಹಿಡಿದರೆ ಹೊತ್ತಿಕೊಳ್ಳುತ್ತದೆ ಎಂದು ಹೆದರಿ ಕೆಳಗಿನವರು ಉಳಿದ ಹಗ್ಗಗಳನ್ನೂ ಬಿಟ್ಟರು. ಬಲೂನು ನೆಟ್ಟಗಾಯಿತು, ಮತ್ತೆ ಯಾರ ಕೈಗೂ ಸಿಗದಂತೆ ಮೇಲೆದ್ದಿತು.

ಸ್ವಲ್ಪ ಹೊತ್ತು ಆಂತೆಲ್ಮ್ ಕಣ್ಣು ಮುಚ್ಚಿಕೊಂಡು ಕಟಕಟೆ ಹಿಡಿದು ನಿಂತಿದ್ದ. ಕಣ್ಣು ಬಿಟ್ಟಾಗ ವೆರ್ನೋಲ್ ಊರು ಒಂದು ರೊಟ್ಟಿಯಷ್ಟಾಗಿತ್ತು. ಮುಂದೆ ಹಸಿರು ಬೂದಿ ಬಣ್ಣದ ರೋನ್ ನದಿ ಮೈಚಾಚಿ ಮಲಗಿತ್ತು. ಗಾಳಿ ಅವರನ್ನು ಅತ್ತಲೇ ಒಯ್ಯುತ್ತಿತ್ತು. ನಡೆಯಲು ನಾಲ್ಕು ಹೆಜ್ಜೆಯೂ ಇಲ್ಲದ ಜಾಗ. ಬಲಕ್ಕೆ ಹೋಗುವಂತಿಲ್ಲ, ಎಡಕ್ಕೆ ಹೋಗುವಂತಿಲ್ಲ. ಬೆಂಕಿ ಆರಿಸುವಂತಿಲ್ಲ, ಬಿಟ್ಟು ಕೂರುವಂತಿಲ್ಲ. ಇಷ್ಟು ಬಯಲಾದ ಆಕಾಶದಲ್ಲಿ ಮನುಷ್ಯ ಇಷ್ಟು ಸಣ್ಣ ಗೂಡಿನಲ್ಲಿ ಸಿಕ್ಕಿಬೀಳಬಹುದೆಂದು ಅವನು ಎಂದೂ ಎಣಿಸಿರಲಿಲ್ಲ.

ಕಿಂಡಿಯಾಚೆಯಿಂದ ದನಿ ಬಂತು. "ಮಾವ, ಏನು ಮಾಡೋಣ?"

ಎರಡು ಚಳಿಗಾಲದ ಮೇಲೆ ಆಂತೆಲ್ಮ್ ಆ ದನಿಗೆ ಉತ್ತರ ಕೊಡಬೇಕಾಯಿತು. ಕೊಡದಿದ್ದರೆ ಇಬ್ಬರೂ ಬೇರೆಬೇರೆ ಕೆಲಸ ಮಾಡಿ ಸಾಯುತ್ತಾರೆ. ಉಣ್ಣೆ ಬೇಡ, ಒದ್ದೆ ಹುಲ್ಲು ಬೇಡ, ಬರೀ ಒಣ ಹುಲ್ಲು ಹಾಕು, ಇಳಿಯೋಣ ಎಂದು ಗೋಡೆಗೆ ಹೇಳುವವನಂತೆ ಹೇಳಿದ. ಆಗಲಿ ಮಾವ ಎಂದು ಉತ್ತರ ಬಂತು.

ಇಬ್ಬರೂ ಒಣ ಹುಲ್ಲು ಉಣಿಸಿದರು. ಹೊಗೆ ಕಡಿಮೆಯಾಯಿತು. ಬೆಂಕಿ ಹಳದಿಯಾಗಿ, ತಿಳಿಯಾಗಿ, ಗರಗರ ಸದ್ದು ಮಾಡುತ್ತ ಉರಿಯಿತು. ಆಂತೆಲ್ಮ್ ಕೆಳಗೆ ನೋಡಿದ. ಊರು ಇನ್ನೂ ಸಣ್ಣದಾಗಿತ್ತು. ಮತ್ತೊಂದು ಕಟ್ಟು ಬಿಚ್ಚಿ ಹಾಕಿ ಮತ್ತೆ ನೋಡಿದ. ದನಗಳು ಚುಕ್ಕೆಗಳಾಗಿದ್ದವು. ಕಿವಿಯಲ್ಲಿ ಏನೋ ಒತ್ತಿದಂತಾಯಿತು. ಅವರು ಇಳಿಯುತ್ತಿರಲಿಲ್ಲ, ಏರುತ್ತಿದ್ದರು.

ತನ್ನ ಬದಿಯಿಂದ ಹೊಗೆಯೆಬ್ಬಿಸುವ ಒಂದು ಎಳೆಯೂ ಬೆಂಕಿಗೆ ಬಿದ್ದಿಲ್ಲವೆಂಬುದು ಅವನಿಗೆ ಗೊತ್ತು. ಹಾಗಾದರೆ ಆ ಬದಿಯಿಂದ ಬೀಳುತ್ತಿದೆ. ಹೆಂಡತಿ ಸತ್ತ ಮೇಲೆ ಬದುಕು ಬೇಡವಾದವನು ತನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾನೆ. ಬೆನ್ವಾತ್‌ಳ ಸೊಂಟದ ಮೇಲೆ ಕೂತು ಕೈಬೀಸಿದ ಮಗು ಕಣ್ಣ ಮುಂದೆ ಬಂತು.

"ನೀನು ಉಣ್ಣೆ ಹಾಕ್ತಾ ಇದ್ದೀಯ," ಎಂದ.

"ಇಲ್ಲ ಮಾವ. ಒಣ ಹುಲ್ಲೇ."

"ಮತ್ಯಾಕೆ ಏರ್ತಾ ಇದೆ?"

"ನಂಗೂ ಗೊತ್ತಾಗ್ತಿಲ್ಲ. ನೀವು ಹಾಕ್ತಿದ್ದೀರೇನೋ ಅಂತ ನಾನು ಅಂದ್ಕೊಂಡೆ."

ಆಂತೆಲ್ಮನಿಗೆ ಸಿಟ್ಟು ನೆತ್ತಿಗೇರಿತು. ಹೋಗಿ ಕಣ್ಣಾರೆ ನೋಡಿಬಿಡಬೇಕೆಂದು ಜಗಲಿಯಲ್ಲಿ ಎರಡು ಹೆಜ್ಜೆ ಇಟ್ಟ. ಕೂಡಲೇ ಕಾಲ ಕೆಳಗಿನ ಹೆಣಿಗೆ ಜಾರಿತು, ಬಕೆಟ್ಟಿನ ನೀರು ಚೆಲ್ಲಿತು, ಸರಪಳಿ ಕಿರುಗುಟ್ಟಿತು. ಎದುರು ಬದಿಯವನು ಹೆದರಿಕೆಯಿಂದ ದೇವರ ಹೆಸರು ಕೂಗಿದ್ದು ಕೇಳಿಸಿತು. ಆಂತೆಲ್ಮ್ ತೆವಳಿಕೊಂಡು ತನ್ನ ಜಾಗಕ್ಕೆ ವಾಪಸು ಬಂದ. ನೋಡದೆಯೇ ನಂಬಬೇಕು, ಇಲ್ಲವೇ ನೋಡಲು ಹೋಗಿ ಸಾಯಬೇಕು. ಮೂರನೆಯ ದಾರಿ ಇರಲಿಲ್ಲ.

ಆಗ ರೆಜಿಸ್‌ನೇ ಮಾತಾಡಿದ. ತನ್ನ ಉಣ್ಣೆ ಬುಟ್ಟಿ ಮುಟ್ಟಿಲ್ಲ, ಹಾಗೇ ತುಂಬಿದೆ, ಅದನ್ನು ಕೆಳಗೆ ಎಸೆಯುತ್ತೇನೆ, ಬೀಳುವಾಗ ಮಾವ ಬಗ್ಗಿ ನೋಡಲಿ ಎಂದ. ಆದರೆ ಒಬ್ಬನೇ ಎಸೆದರೆ ವಾಲುತ್ತದೆ, ನೀವೂ ನಿಮ್ಮದನ್ನು ಒಟ್ಟಿಗೇ ಎಸೆಯಿರಿ ಎಂದ. ಆಂತೆಲ್ಮ್ ಬುಟ್ಟಿಯನ್ನು ಕಟಕಟೆಯ ಮೇಲಕ್ಕೆ ಎತ್ತಿದ. ಇಬ್ಬರೂ ಮರಿಯಮ್ಮನ ಹೆಸರು ಹೇಳಿ ಒಂದೇ ಸಲ ಬಿಟ್ಟರು.

ಎರಡು ಬುಟ್ಟಿಗಳು ಕೆಳಗಿನ ಬಯಲಿಗೆ ಉರುಳುತ್ತ ಹೋದವು. ಒಂದು ಅವನದು. ಇನ್ನೊಂದು ಬಲೂನಿನ ಆಚೆಯಿಂದ ಹೊರಬಂದು, ಗಾಳಿಯಲ್ಲಿ ತಲೆಕೆಳಗಾಗಿ, ಒಳಗಿದ್ದುದನ್ನೆಲ್ಲ ಬಿಳಿ ಮೋಡದಂತೆ ಚೆಲ್ಲಿತು. ತುಂಬಿದ ಬುಟ್ಟಿ. ಒಂದು ಹಿಡಿಯೂ ತೆಗೆದಿರಲಿಲ್ಲ. ಉಣ್ಣೆಯ ಎಳೆಗಳು ಬಿಸಿಲಲ್ಲಿ ಬಹಳ ಹೊತ್ತು ತೇಲುತ್ತಿದ್ದವು. ಭಾರ ಕಳೆದುಕೊಂಡ ಬಲೂನು ಇನ್ನಷ್ಟು ಏರಿತು.

ಆಂತೆಲ್ಮ್ ಕಟಕಟೆಗೆ ಹಣೆ ಒತ್ತಿಕೊಂಡು ನಿಂತ. ರೆಜಿಸ್ ಸುಳ್ಳು ಹೇಳಿರಲಿಲ್ಲ. ಈ ಒಂದು ಸಲ ಹೇಳಿರಲಿಲ್ಲ. ಹಾಗಾದರೆ ಆ ಸಲ? ಎರಡು ಚಳಿಗಾಲ ಚಿಲಕದ ಹಿಂದೆ ಇಟ್ಟಿದ್ದ ಪ್ರಶ್ನೆ ಈಗ ತಾನಾಗಿಯೇ ಬಾಯಿಗೆ ಬಂತು. ಮುಖ ಕಾಣದಿದ್ದುದರಿಂದ ಕೇಳುವುದು ಸುಲಭವಾಯಿತೇನೋ.

"ಆ ಮೂಟೆಯಲ್ಲಿ ಸಿಡುಬಿತ್ತು ಅಂತ ನಿಂಗೆ ಗೊತ್ತಿತ್ತಾ?"

ಉರಿಯಾಚೆಯಿಂದ ದನಿ ಬಂತು. "ಗೊತ್ತಿರ್ಲಿಲ್ಲ ಮಾವ."

"ಹೆಂಗೆ ನಂಬ್ಲಿ?"

"ಅದಕ್ಕೆ ಎಸೆದು ತೋರ್ಸೋಕೆ ನನ್ನ ಹತ್ರ ಬುಟ್ಟಿ ಇಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ದಣಿದ ಮನುಷ್ಯ ಹೊರೆ ಕೆಳಗಿಟ್ಟಂತೆ ಇತ್ತು. ಮಗಳ ಸಾವಿಗೆ ಒಂದು ಕಾರಣ, ಕಾರಣಕ್ಕೆ ಒಂದು ಮುಖ ಇಟ್ಟುಕೊಂಡು ಆಂತೆಲ್ಮ್ ಇಷ್ಟು ದಿನ ಎದ್ದು ಕೆಲಸಕ್ಕೆ ಹೋಗಿ ಬಂದಿದ್ದ. ಆ ಮುಖವನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಸಾವು. ಅದನ್ನು ಹಿಡಿದುಕೊಂಡು ದೇವರ ಮುಂದೆ ಹೇಗೆ ಮೊಣಕಾಲೂರುವುದು ಎಂದು ಅವನಿಗೆ ಗೊತ್ತಿರಲಿಲ್ಲ.

ಯೋಚನೆಗೆ ಪುರುಸೊತ್ತು ಸಿಗಲಿಲ್ಲ. ತಿಳಿಯಾದ ಉರಿ ಈಗ ಆಳೆತ್ತರ ಏಳುತ್ತಿತ್ತು. ರೆಜಿಸ್‌ನ ಬದಿಯಲ್ಲಿ ಕಾಗದ ಕಂದಾಗಿ, ಕರಿದಾಗಿ, ಅಂಚು ಕೆಂಪಾಗತೊಡಗಿತು. ಅವನು ಸ್ಪಂಜು ಒತ್ತಿದ. ಒಂದು ಕಡೆ ಆರಿದರೆ ಇನ್ನೊಂದು ಕಡೆ ಹತ್ತಿಕೊಂಡಿತು. ಮಾವ ನೀರು ಮುಗೀತು ಎಂದು ಕೂಗಿದ. ಆಂತೆಲ್ಮನ ಬಕೆಟ್ಟಿನಲ್ಲಿದ್ದ ನೀರನ್ನು ಅವನೇ ಸ್ವಲ್ಪ ಮುಂಚೆ ಚೆಲ್ಲಿಕೊಂಡಿದ್ದ. ಇದ್ದರೂ ಅದನ್ನು ಆಚೆಗೆ ದಾಟಿಸುವ ದಾರಿಯಿರಲಿಲ್ಲ. ಅಂಗೈಯಿಂದ ಬಟ್ಟೆ ಬಡಿಯುವ ಸದ್ದು, ಸುಟ್ಟವನ ನರಳಾಟ ಕಿಂಡಿಯಿಂದ ಬಂತು.

ಆಂತೆಲ್ಮನ ಕಾಲ ಬಳಿ ಒದ್ದೆ ಹುಲ್ಲಿನ ಕಟ್ಟುಗಳಿದ್ದವು. ಅವನ್ನು ಬೆಂಕಿಯ ಮೇಲೆ ಹೇರಿದರೆ ಉರಿ ತಗ್ಗುತ್ತದೆ. ಅದು ಅಡುಗೆ ಮಾಡುವ ಯಾವ ಹೆಂಗಸಿಗೂ ಗೊತ್ತಿರುವ ಮಾತು. ಆದರೆ ಹೊಗೆ ಏಳುತ್ತದೆ. ಈಗಲೇ ಮೋಡದ ಹತ್ತಿರ ಬಂದಾಗಿದೆ. ಅಷ್ಟು ಹೊಗೆ ತುಂಬಿದರೆ ಮತ್ತೆಂದೂ ನೆಲ ಕಾಣದ ಕಡೆಗೆ ಹೋಗಿಬಿಡುತ್ತೇವೆ ಎಂದು ಅವನು ಪೂರ್ತಿಯಾಗಿ ನಂಬಿದ್ದ. ಹಾಕದಿದ್ದರೆ ರೆಜಿಸ್ ಮೊದಲು ಸುಡುತ್ತಾನೆ. ತನ್ನ ಬದಿಯ ಬಟ್ಟೆ ಇನ್ನೂ ಗಟ್ಟಿಯಾಗಿತ್ತು.

ಅವನು ಕಟ್ಟನ್ನು ಎರಡೂ ತೋಳಲ್ಲಿ ಎತ್ತಿದ. "ಒದ್ದೆ ಹುಲ್ಲು ಹಾಕ್ತೀನಿ. ನೀನೂ ಹಾಕು, ಒಟ್ಟಿಗೆ. ಇರೋದನ್ನೆಲ್ಲ ಹಾಕು."

"ಮಾವ, ಇನ್ನೂ ಮೇಲಕ್ಕೆ ಹೋಗ್ತೀವಿ."

"ಹೋದ್ರೆ ಹೋಗೋಣ. ನೀನು ಸುಡಬೇಡ."

ಒದ್ದೆ ಹುಲ್ಲು ಎರಡು ಕಡೆಯಿಂದಲೂ ಬೆಂಕಿಯ ಮೇಲೆ ಬಿತ್ತು. ಉರಿ ಕುಗ್ಗಿ, ಬುಸ್ಸೆಂದು, ಕಪ್ಪು ಹಳದಿ ಹೊಗೆ ಕಿಂಡಿಗಳಿಂದ ನುಗ್ಗಿ ಇಬ್ಬರ ಕಣ್ಣನ್ನೂ ಮುಚ್ಚಿಸಿತು. ಆಂತೆಲ್ಮ್ ಕೆಮ್ಮುತ್ತ ಮೊಣಕಾಲೂರಿ, ಅಪೊಲಿನ್‌ಳ ಹೆಸರು ಹೇಳಿ, ಕ್ಲೆಮಾನ್ಸ್‌ಳ ಹೆಸರು ಹೇಳಿ, ಶಿಲುಬೆಯ ಗುರುತು ಮಾಡಿಕೊಂಡ. ಮೂರನೆಯ ಹೆಸರು ಬಾಯಿಗೆ ಬಂದಾಗ ಅದನ್ನು ದಾಟಿ ಹೋಗಲಿಲ್ಲ.

ಸಾವಿಗೆ ಸಿದ್ಧನಾಗಿ ಕಣ್ಣು ತೆರೆದವನಿಗೆ ಮೊದಲು ಕಂಡದ್ದು ನದಿಯ ಮೇಲಿನ ಒಂದು ದೋಣಿ. ದೋಣಿಯಲ್ಲಿ ಒಬ್ಬ ಮನುಷ್ಯ. ಮನುಷ್ಯನಿಗೆ ಕೈಗಳಿದ್ದವು, ಆ ಕೈಗಳು ಹುಟ್ಟನ್ನು ಬಿಟ್ಟು ತಲೆಯ ಮೇಲೆ ಹೋಗಿದ್ದವು. ಸ್ವಲ್ಪ ಹೊತ್ತಿನ ಮುಂಚೆ ಅಷ್ಟೊಂದು ಕಾಣುತ್ತಿರಲಿಲ್ಲ. ಅವರು ಇಳಿಯುತ್ತಿದ್ದರು. ಹೊಗೆ ಇಷ್ಟಿದ್ದೂ ಇಳಿಯುತ್ತಿದ್ದರು. ಯಾಕೆಂದು ಆಂತೆಲ್ಮನಿಗೆ ತಿಳಿಯಲಿಲ್ಲ, ತಿಳಿಯುವ ಹಟವೂ ಬರಲಿಲ್ಲ. ಮರಿಯಮ್ಮನಿಗೆ ಕೈಮುಗಿದ.

ನದಿ ಕೆಳಗೆ ಹಾದುಹೋಯಿತು. ನೀರಿಗೆ ಬೀಳಬಾರದೆಂದು ಉಳಿದ ಒಣ ಹುಲ್ಲನ್ನು ಚಿಟಿಕೆ ಚಿಟಿಕೆಯಾಗಿ ಇಬ್ಬರೂ ಹೇಳಿಕೊಂಡು ಹಾಕಿದರು. ಆಚೆ ದಡದ ಜೊಂಡು ಬಂತು, ಕೊಯ್ದ ಗೋಧಿಯ ಕೂಳೆ ಹೊಲ ಬಂತು. ಅದರ ತುದಿಯಲ್ಲಿ ಎತ್ತರದ ಪಾಪ್ಲರ್ ಮರಗಳ ಸಾಲು ಗೋಡೆಯಂತೆ ನಿಂತಿತ್ತು. ಗಾಳಿ ಅವರನ್ನು ಆ ಗೋಡೆಯತ್ತ ಎಳೆಯುತ್ತಿತ್ತು.

ಈಗ ಹೊಸ ಇಕ್ಕಟ್ಟು. ಮರಗಳಿಗೆ ಮುಂಚೆ ಹೊಲಕ್ಕೆ ಹಾರಬೇಕು. ಆದರೆ ಒಬ್ಬ ಹಾರಿದರೆ ಬಲೂನು ಅರ್ಧ ಭಾರ ಕಳೆದುಕೊಂಡು ಚಿಮ್ಮುತ್ತದೆ, ಮಗುಚುತ್ತದೆ. ಉಳಿದವನು ಬೆಂಕಿಯ ಜೊತೆ ಮತ್ತೆ ಮೇಲಕ್ಕೆ ಹೋಗುತ್ತಾನೆ. ಇದು ಇಬ್ಬರಿಗೂ ಒಂದೇ ಸಲ ಹೊಳೆಯಿತು. ಹೊಲ ಕಾಲ ಕೆಳಗೆ ಓಡುತ್ತಿತ್ತು. ಆಂತೆಲ್ಮ್ ಈಗಲೇ ಕಟಕಟೆ ದಾಟಿದರೆ ಬದುಕಿಕೊಳ್ಳುತ್ತಿದ್ದ.

"ನೀವು ಹಾರಿ ಮಾವ," ಎಂದ ರೆಜಿಸ್. "ಮಗು ನಿಮ್ಮ ಹತ್ರ ಇದೆ."

ಆಂತೆಲ್ಮ್ ಕಾಲನ್ನು ಕಟಕಟೆಯ ಮೇಲೆ ಇಟ್ಟಿದ್ದ. ಇಟ್ಟ ಕಾಲು ಹಾಗೇ ನಿಂತಿತು. "ಬಾಯಿ ಮುಚ್ಕೊಂಡು ನನ್ನ ಜೊತೆ ಪ್ರಾರ್ಥನೆ ಹೇಳು," ಎಂದ. "ಪರಲೋಕದ ತಂದೆಗೆ ಹೇಳೋದು. ಗಟ್ಟಿಯಾಗಿ ಹೇಳು, ನಂಗೆ ಕೇಳಿಸ್ಬೇಕು. ಆಮೆನ್ ಅಂದಾಗ ಹಾರು. ಮುಂಚೆ ಅಲ್ಲ, ಆಮೇಲೂ ಅಲ್ಲ."

ಭಾನುವಾರ ಭಾನುವಾರ ಒಂದೇ ಚರ್ಚಿನಲ್ಲಿ ಬೇರೆಬೇರೆ ಸಾಲಿನಲ್ಲಿ ನಿಂತು ಹೇಳುತ್ತಿದ್ದ ಪ್ರಾರ್ಥನೆಯನ್ನು ಇಬ್ಬರೂ ಬೆಂಕಿಯ ಎರಡು ಬದಿಗಳಿಂದ ಹೇಳಿದರು. ಒಬ್ಬನ ದನಿ ಕೆಮ್ಮಿನಿಂದ ಒಡೆದಿತ್ತು, ಇನ್ನೊಬ್ಬನದು ನೋವಿನಿಂದ. ದಿನದ ರೊಟ್ಟಿಯ ಮಾತು ಬಂತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂಬ ಮಾತು ಬಂತು. ಅಲ್ಲಿ ಆಂತೆಲ್ಮನ ದನಿ ತಡವರಿಸಿತು. ಎದುರು ಬದಿಯ ದನಿ ಮುಂದೆ ಹೋಗದೆ ಅವನಿಗಾಗಿ ಕಾಯಿತು. ಮರಗಳು ಬೆಳೆಯುತ್ತ ಬಂದವು. ಆಂತೆಲ್ಮ್ ಆ ಸಾಲನ್ನು ಮುಗಿಸಿದ. ಮತ್ತೆ ಇಬ್ಬರೂ ಕೂಡಿ ಹೇಳಿದರು. ಆಮೆನ್ ಎಂದರು.

ಕೂಳೆ ಹೊಲ ಎದ್ದು ಬಂದು ಅವನ ಮೈಗೆ ಬಡಿಯಿತು. ಎಡಗಾಲು ಮಡಿಸಿಕೊಂಡಿತು. ಬಾಯಲ್ಲಿ ಮಣ್ಣು. ಮುಖವೆತ್ತಿ ನೋಡಿದಾಗ ಬಲೂನು ಇಬ್ಬರ ಭಾರವನ್ನೂ ಕಳೆದುಕೊಂಡು, ಹೊಗೆಯ ಬಾಲ ಎಳೆಯುತ್ತ ಪಾಪ್ಲರ್‌ಗಳ ಮೇಲಕ್ಕೆ ಹೋಗಿ, ತುದಿಗೆ ಸಿಕ್ಕಿ, ಒಂದು ಸಲ ಬೆಳಗಿ ಉರಿಯಿತು. ಯಜಮಾನರ ಒಂದು ಬೇಸಿಗೆಯ ಕೆಲಸ ಹಕ್ಕಿ ಗೂಡಿನಂತೆ ಬೂದಿಯಾಯಿತು.

ಹೊಲದ ಆ ಕಡೆಯಿಂದ ರೆಜಿಸ್ ಎದ್ದು ಕೂತ. ಅವನ ಹುಬ್ಬು ಸುಟ್ಟಿತ್ತು. ಕೈಗಳೆರಡನ್ನೂ ಬೇರೆ ಯಾರದೋ ಎಂಬಂತೆ ಮುಂದೆ ಹಿಡಿದುಕೊಂಡಿದ್ದ. ಎದ್ದು ಬರಬೇಕೋ ಬೇಡವೋ ಎಂದು ತಿಳಿಯದೆ ಅಲ್ಲೇ ಇದ್ದ. ದೂರದ ಬದುವಿನ ಮೇಲೆ ಆ ಊರಿನ ರೈತರು ಕವೆಗೋಲು ಹಿಡಿದು ನಿಂತಿದ್ದರು. ಹತ್ತಿರ ಬರುವ ಧೈರ್ಯ ಅವರಿಗೂ ಬಂದಿರಲಿಲ್ಲ.

ಆಂತೆಲ್ಮ್ ಕುಂಟುತ್ತ ನಡೆದು ಹೋದ. ಬದುವಿನ ಕಾಲುವೆಯಲ್ಲಿ ಕುತ್ತಿಗೆಯ ವಸ್ತ್ರ ಅದ್ದಿ, ಎರಡಾಗಿ ಹರಿದು, ಅಳಿಯನ ಎದುರಿಗೆ ಕೂತು ಒಂದು ಕೈ ತೆಗೆದುಕೊಂಡ. ಅಂಗೈಯ ಚರ್ಮ ಎದ್ದಿತ್ತು. ತಣ್ಣನೆ ಬಟ್ಟೆ ಸುತ್ತುವಾಗ ರೆಜಿಸ್ ಹಲ್ಲು ಕಚ್ಚಿದ. ಅವನ ಮುಖ ಇಷ್ಟು ಬಡವಾಗಿದೆಯೆಂದು, ಕಿವಿಯ ಬಳಿ ನರೆ ಬಂದಿದೆಯೆಂದು ಆಂತೆಲ್ಮ್ ಆಗ ನೋಡಿದ.

ನಂಬಿದೆನೆಂದು ಅವನ ಮನಸ್ಸು ಇನ್ನೂ ಹೇಳಿರಲಿಲ್ಲ. ಅದು ಒಂದು ದಿನದಲ್ಲಿ ಆಗುವ ಕೆಲಸವೆಂದೂ ಅನಿಸಲಿಲ್ಲ. ಎರಡನೆಯ ಕೈಯನ್ನು ತೆಗೆದುಕೊಳ್ಳುತ್ತ ತಲೆ ಬಗ್ಗಿಸಿಕೊಂಡೇ ಕೇಳಿದ.

"ಆ ಮೂಟೆ ವಿಷ್ಯ ಹೇಳು. ಮೊದಲಿಂದ ಹೇಳು. ನಡುವೆ ನಾನು ಬಾಯಿ ಹಾಕಲ್ಲ."

ರೆಜಿಸ್ ಅವನನ್ನೇ ನೋಡಿದ. ಎಷ್ಟೋ ಸಲ ಬಾಗಿಲ ಮುಂದೆ ನಿಂತು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತುಗಳು ಈಗ ಒಂದೂ ಸಿಗಲಿಲ್ಲವೇನೋ, ತೋಚಿದಲ್ಲಿಂದ ಶುರುಮಾಡಿದ. ಆವತ್ತು ಮಳೆ ಹಿಡಿದಿತ್ತೆಂದ. ದೋಣಿಯವನು ಹೊರಡಲು ಅವಸರ ಮಾಡುತ್ತಿದ್ದನೆಂದ. ಮೂಟೆ ಮಾರಿದ ಮುದುಕಿ ಶಿಲುಬೆ ಮುಟ್ಟಿ ಆಣೆ ಮಾಡಿದಳೆಂದ. ನೆನೆದರೆ ಬಟ್ಟೆ ಕೊಳೆಯುತ್ತದೆಂದು ಬಿಚ್ಚಿ ನೋಡದೆ ಕಂಬಳಿ ಹೊದಿಸಿಕೊಂಡು ತಂದೆನೆಂದ. ಮನೆಗೆ ಬಂದಾಗ ಕ್ಲೆಮಾನ್ಸ್ ಬಾಗಿಲಲ್ಲೇ ನಿಂತಿದ್ದಳು ಎಂದು ಹೇಳಿ ನಿಲ್ಲಿಸಿದ.

ಮಗಳ ಹೆಸರು ಕೇಳಿದಾಗ ಎದ್ದು ಹೋಗಿಬಿಡಬೇಕೆಂದು ಆಂತೆಲ್ಮನಿಗೆ ಅನಿಸಿತು. ಬಟ್ಟೆಯ ಗಂಟು ಕಟ್ಟಿ ಆಗಿತ್ತು. ಅವನು ಆ ಕೈಯನ್ನು ಬಿಡಲಿಲ್ಲ.

"ಹೇಳು," ಎಂದ. "ಬಾಗಿಲಲ್ಲಿ ನಿಂತಿದ್ಲು. ಆಮೇಲೆ?"